ಹೊಳೆ ದಾಟಿದ ಫೂಟೇಜ್ ಇಲ್ಲ, ಆದರೂ ಎಲ್ಲರಿಗೂ ಥ್ಯಾಂಕ್ಸ್

ಕಳೆದ ಭಾನುವಾರ ಸಂಜೆ ನಮ್ಮೂರ ಮಾರಿಗುಡಿ ಮುಂದೆ ಬಿಳಿ ಪರದೆ ಕಟ್ಟಿ ನನ್ನ ಮೊದಲ ಸಿನಿಮಾ ತೋರಿಸಿದೆವು. ಸಿನಿಮಾ ಅಂದರೆ ದೊಡ್ಡದೇನಲ್ಲ, 22 ನಿಮಿಷದ ಡಾಕ್ಯುಮೆಂಟರಿ. ಶಿವರಾತ್ರಿಗೆ ನಮ್ಮ ಕನಕಪುರ ಕಡೆಯವರು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುತ್ತಾರಲ್ಲ, ಆ ಹಾದಿಯದು. ಕೊನೆಗೆ ಕೈಗೆ ಮೈಕ್ ಕೊಟ್ಟರು. ಗಂಟಲು ಕಟ್ಟಿತು. "ಎಲ್ಲರೂ ಊಟ ಮಾಡ್ಕೊಂಡು ಹೋಗಿ" ಅಂದುಬಿಟ್ಟೆ. ಊಟದ ಏರ್ಪಾಡೇ ಇರಲಿಲ್ಲ! ಅವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸ್ಟುಡಿಯೋ ಅಣ್ಣನಿಗೆ. 2021ರಲ್ಲಿ ಅಪ್ಪ ಹೋದರು. ಹಾರ ಹಾಕಲು ಒಂದು ಫೋಟೊಗೆ ಅಂತ ಮನೆಯೆಲ್ಲ ಹುಡುಕಿದೆವು. ನೆಂಟರ ಮದುವೆ ಆಲ್ಬಂಗಳಲ್ಲಿ ಅಪ್ಪ ಇದ್ದರು, ಆದರೆ ಎಲ್ಲೋ ಹಿಂದೆ, ಸಾಂಬಾರ್ ಬಕೆಟ್ ಹಿಡಿದುಕೊಂಡು, ಅರ್ಧ ಮುಖ. ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ಕೊಟ್ಟೆ. ಅಣ್ಣ ಅದನ್ನು ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಕೊಟ್ಟು, ಮೈಗೆ ಒಂದು ಕೋಟು ತೊಡಿಸಿ ಫ್ರೇಮ್ ಹಾಕಿಸಿದ್ದ. ಅಮ್ಮ ನೋಡಿ "ಇದ್ಯಾರು?" ಅಂದಳು. ಅಪ್ಪ ಬದುಕಿದ್ದಾಗ ಕೋಟು ಹಾಕಿದವರೇ ಅಲ್ಲ. ವಾಪಸ್ ತಗೊಂಡು ಹೋದೆ. ಅಣ್ಣ ನನ್ನನ್ನು ಕಂಪ್ಯೂಟರ್ ಪಕ್ಕ ಕೂರಿಸಿಕೊಂಡು, ಬೇರೆ ಯಾರದೋ ಫೋಟೊದಿಂದ ಬಿಳಿ ಅಂಗಿ ತೆಗೆದು, ಕಾಲರಿನ ಸುಕ್ಕು ಕೂಡ ಹಾಗೇ ಬಿಟ್ಟು ಅಪ್ಪನಿಗೆ ಹಾಕಿದ. ದುಡ್ಡು ತಗೊಳ್ಳಲಿಲ್ಲ. "ಬಿ.ಕಾಂ. ಮುಗಿಸಿ ಸುಮ್ನೆ ಕೂತಿದ್ದೀಯಂತೆ. ಶುಕ್ರವಾರ ಒಂದು ಮದುವೆ ಇದೆ, ಲೈಟ್ ಹಿಡಿಯೋಕೆ ಬಾ" ಅಂದ.

ಎರಡು ವರ್ಷ ಲೈಟ್ ಹಿಡಿದೆ. ಕಲಿತದ್ದೆಲ್ಲ ಅಲ್ಲೇ. ಛತ್ರದ ಟ್ಯೂಬ್‌ಲೈಟ್ ಕೆಳಗೆ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಓಡುತ್ತಿದ್ದರೆ "ನಮ್ಮ ಕರೆಂಟು 50 ಹರ್ಟ್ಸ್ ಕಣೋ, ಶಟರ್ 1/50 ಸೆಕೆಂಡ್ ಇಡು, ಇಲ್ಲಾಂದ್ರೆ 1/100" ಅಂತ ಬೈದೇ ಹೇಳಿಕೊಟ್ಟ. ಧಾರೆ ಎರೆಯುವಾಗ ನೀನು ನಿದ್ದೆ ಮಾಡಿದರೆ ಪುರೋಹಿತರು ಇನ್ನೊಂದು ಸಲ ಎರೆಸಲ್ಲ ಅನ್ನುತ್ತಿದ್ದ. ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಕತೆ ಹೇಳಿದ್ದೂ ಅವನೇ. 1959ರ 'ಕಾಗಜ್ ಕೆ ಫೂಲ್' ಹಿಂದಿ ಸಿನಿಮಾದಲ್ಲಿ ಕತ್ತಲ ಸ್ಟುಡಿಯೋ ಒಳಗೆ ಬೆಳಕಿನ ಕೋಲು ಬೀಳುತ್ತದಲ್ಲ, ಅದು ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಒಳಗೆ ತಂದದ್ದು ಅಂತ. ಆ ಕತೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮೂರ ಕಂಸಾಳೆ ತಾತನ ಮನೆಯಲ್ಲಿ ಹಗಲಲ್ಲೂ ಕತ್ತಲು, ನನ್ನ ಹತ್ತಿರ ಬಾಡಿಗೆ ಲೈಟಿಗೆ ದುಡ್ಡಿಲ್ಲ. ಸಲೂನಿಂದ ಒಂದು ಕನ್ನಡಿ, ನಮ್ಮ ಬೀರುವಿನಿಂದ ಬಿಚ್ಚಿದ ಇನ್ನೊಂದು. ಬಿಸಿಲು ಅಂಗಳದಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ, ಗೋಡೆಯಿಂದ ತಾತನ ಕೈಯಲ್ಲಿದ್ದ ಕಂಚಿನ ಬಟ್ಟಲಿಗೆ ಬಂತು. ಬಿಸಿಲು ನಿಂತಲ್ಲಿ ನಿಲ್ಲಲ್ಲವಲ್ಲ, ಹತ್ತು ನಿಮಿಷಕ್ಕೊಮ್ಮೆ ಕನ್ನಡಿ ಸರಿಸಬೇಕು. ಮೂರು ಗಂಟೆ ಕನ್ನಡಿ ಹಿಡಿದು ನಿಂತ ನನ್ನ ಚಿಕ್ಕಮ್ಮನ ಮಗಳಿಗೆ ಇನ್ನೂ ಗೋಬಿ ಮಂಚೂರಿ ಬಾಕಿ ಇದೆ, ಮರೆತಿಲ್ಲ. ಸಲೂನಿನವರಿಗೂ ಥ್ಯಾಂಕ್ಸ್, ಕನ್ನಡಿಯ ಮೂಲೆ ಒಡೆದಿದ್ದಕ್ಕೆ ಸಾರಿ.

ದೇವರ ವಿಷಯ ಬರೆಯೋಕೆ ಸ್ವಲ್ಪ ಮುಜುಗರ. ಅಪ್ಪ ಪ್ರತಿ ಶಿವರಾತ್ರಿಗೂ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದರು. ಅವರು ಹೋದ ಮೇಲೆ ನಾನು ಕೈ ಮುಗಿಯೋದು ಬಿಟ್ಟೆ. ಸಿಟ್ಟು, ಅಷ್ಟೇ. ಅವರ ಗುಂಪಿನ ಜೊತೆ ನಾನು ಹೊರಟದ್ದು ಶೂಟಿಂಗ್‌ಗೆ ಮಾತ್ರ ಅಂತ ಎಲ್ಲರಿಗೂ ಹೇಳಿದ್ದೆ. ಚಿಕ್ಕಮ್ಮ ಚೀಟಿ ಎತ್ತಿ ಕೊಡಿಸಿದ 26,000 ರೂಪಾಯಿಯ ಸೆಕೆಂಡ್‌ಹ್ಯಾಂಡ್ ಕ್ಯಾಮರಾ, ಒಂದು 50 ಎಂಎಂ ಲೆನ್ಸ್, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡ ಸಣ್ಣ ಸೌಂಡ್ ರೆಕಾರ್ಡರ್.

ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಗೆ ಸೇರುತ್ತದೆ. ಅಲ್ಲಿ ಹಗ್ಗ ಹಿಡಿದು ಹೊಳೆ ದಾಟಿ ಕಾಡಿಗೆ ಬೀಳಬೇಕು. ಸೊಂಟದ ಮಟ್ಟ ನೀರು, ಕಾಲ ಕೆಳಗೆ ಪಾಚಿ ಕಟ್ಟಿದ ಕಲ್ಲು, ಎಲ್ಲರ ತಲೆ ಮೇಲೂ ಬಟ್ಟೆ ಗಂಟು. ಎರಡೂ ಕೈಯಲ್ಲಿ ಕ್ಯಾಮರಾ ಹಿಡಿದ ನನಗೆ ಹಗ್ಗ ಹಿಡಿಯಲು ಕೈ ಎಲ್ಲಿ? ಗುಂಪಿನ ದೊಡ್ಡಯ್ಯ, ಎಪ್ಪತ್ತರ ಹತ್ತಿರದವರು, ತಮ್ಮ ಗಂಟಿನ ಮೇಲೆ ನನ್ನ ಚೀಲವನ್ನೂ ಹೊತ್ತು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ನನ್ನ ಬೆಲ್ಟ್ ಹಿಡಿದು ದಾಟಿಸಿದರು. ಅಂಥ ಫೂಟೇಜ್ ನನ್ನ ಜನ್ಮದಲ್ಲೇ ತೆಗೆದಿರಲಿಲ್ಲ.

ಅದನ್ನು ನಾನೇ ಅಳಿಸಿದೆ. ಕಾಡು ದಾಟಿ ಶಾಗ್ಯ ಸೇರಿದ ರಾತ್ರಿ, ಕಣ್ಣು ಎಳೆಯುತ್ತಿದ್ದಾಗ, ಖಾಲಿ ಕಾರ್ಡ್ ಅಂದುಕೊಂಡು ಹೊಳೆಯ ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ. ಬರೀ ಫಾರ್ಮ್ಯಾಟ್ ಆಗಿದ್ದರೆ ವಾಪಸ್ ತೆಗೆಯಬಹುದಿತ್ತು. ಮಾರನೆ ದಿನ ಹನೂರು, ಕೌದಳ್ಳಿ ಎಲ್ಲ ಅದರ ಮೇಲೇ ಶೂಟ್ ಮಾಡಿದ್ದೆ. ಗೊತ್ತಾಗಿದ್ದು ತಾಳುಬೆಟ್ಟದಲ್ಲಿ. ರಸ್ತೆ ಬದಿಯಲ್ಲಿ ಕೂತು ಅತ್ತೆ, ನಿಜವಾಗಿ ಅತ್ತೆ. ದೊಡ್ಡಯ್ಯ ಬಂದು ವಿಷಯ ಕೇಳಿ, ಟವೆಲ್ಲಿನಿಂದ ಒಂದು ಹಿಡಿ ಕಡ್ಲೆಪುರಿ ಕೊಟ್ಟು, "ದಾಟಿದ್ದೀಯಲ್ಲ, ಇನ್ನೇನು, ಏಳು" ಅಂದರು.

ಬೆಟ್ಟದ ಮೇಲೆ ಆ ರಾತ್ರಿ ಚಂದ್ರನಿಲ್ಲ, ಶಿವರಾತ್ರಿ ಅಂದರೆ ಅಮಾವಾಸ್ಯೆಯ ಹಿಂದಿನ ರಾತ್ರಿ ತಾನೆ. ಐಎಸ್‌ಓ, ಅಂದರೆ ಕ್ಯಾಮರಾ ಬೆಳಕು ಹಿಡಿಯೋ ಶಕ್ತಿ, 6400ಕ್ಕೆ ಏರಿಸಿದರೂ ಪರದೆ ತುಂಬ ಬರೀ ಕಾಳು ಕಾಳು. ಕ್ಯಾಮರಾ ಆಫ್ ಮಾಡಿ ಕ್ಯೂನಲ್ಲಿ ನಿಂತೆ. ಕೈ ಮುಗಿದೆ. ಏನು ಕೇಳಿಕೊಂಡೆ ಅಂತ ಹೇಳಲ್ಲ. ನಂಬಿಕೆ ಯಾವಾಗ ವಾಪಸ್ ಬಂತು ಅಂತ ಸ್ನೇಹಿತರು ಕೇಳುತ್ತಾರೆ, ಅದರ ಫೂಟೇಜೂ ನನ್ನ ಹತ್ತಿರ ಇಲ್ಲ.

ಹೊಳೆಯದು ಉಳಿದಿದ್ದು ಸೌಂಡ್ ಮಾತ್ರ. ಬೇರೆಯವರ ವಿಡಿಯೋ ತಂದು ತುಂಬೋಣ ಅಂತಿದ್ದೆ. ಎಡಿಟ್ ಮಾಡಿದ ಗೆಳತಿ ಒಪ್ಪಲಿಲ್ಲ, ನಾಲ್ಕು ದಿನ ಜಗಳ ಆಡಿದಳು. "ಕಪ್ಪು ಬಿಡು. ಸೌಂಡ್ ಸಾಕು" ಅಂದಳು. ಅವಳಿಗೆ ದೊಡ್ಡ ಥ್ಯಾಂಕ್ಸ್. ಪ್ರೊಜೆಕ್ಟರ್ ಕೊಟ್ಟ ಮೇಷ್ಟ್ರಿಗೆ, ಜನರೇಟರ್ ಹುಡುಗರಿಗೆ, ಕುರ್ಚಿ ಹಾಕಿದವರಿಗೆ ಕೂಡ.

ಭಾನುವಾರ ಪರದೆ ಕಪ್ಪಾದ ಕೂಡಲೇ "ಏ, ಕರೆಂಟ್ ಹೋಯ್ತು" ಅಂತ ಕೂಗು. ಜನರೇಟರ್ ಕಡೆ ಒಬ್ಬ ಓಡಿಯೂಬಿಟ್ಟ. ಆಮೇಲೆ ನೀರಿನ ಸದ್ದು ಬಂತು. "ಹೆಜ್ಜೆ ನೋಡ್ಕೊಂಡ್ ಇಡು ಮಗ, ಕ್ಯಾಮರಾ ನೋಡ್ಬೇಡ" ಅನ್ನೋ ದೊಡ್ಡಯ್ಯನ ದನಿ ಬಂತು. ದೂರದಲ್ಲಿ ಉಘೇ ಉಘೇ. ಹಿಂದಿನ ಸಾಲಿನಿಂದ ಯಾರೋ ಅಜ್ಜಿ ಉಘೇ ಅಂದರು, ಆಮೇಲೆ ಎಲ್ಲರೂ. ಒಂದೂವರೆ ನಿಮಿಷ ನಮ್ಮೂರು ಕಪ್ಪು ಬಟ್ಟೆ ನೋಡಿಕೊಂಡು ಕೂಗಿತು. ಪಕ್ಕಕ್ಕೆ ತಿರುಗಿದೆ. ಅಮ್ಮ ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

ಎಲ್ಲ ಮುಗಿದು ಪರದೆ ಬಿಚ್ಚುತ್ತಿದ್ದಾಗ ದೊಡ್ಡಯ್ಯ ಬಂದರು. ಸಿನಿಮಾ ಹೇಗಿತ್ತು ಅಂತ ಹೇಳಲೇ ಇಲ್ಲ. "ಬರೋ ವರ್ಷ ಕ್ಯಾಮರಾ ತರ್ತೀಯೋ, ನನ್ನ ಗಂಟು ಹೊರ್ತೀಯೋ? ಎರಡೂ ಆಗಲ್ಲ, ಈಗ್ಲೇ ಹೇಳು" ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೇನೆ.