ಸಿದ್ಧವಾಗದ ಟ್ಯಾಂಕಿಗೆ ಮೀನು ಮಾರಿದ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಅಕ್ವೇರಿಯಂ ಮತ್ತು ಬಣ್ಣದ ಮೀನು ಮಾರಾಟ ಮಳಿಗೆ,
ಚಿಕ್ಕಮಗಳೂರು.

ವಿಷಯ: ಹೊಸ ಟ್ಯಾಂಕಿನ ಜೊತೆಗೆ ಅದೇ ದಿನ ಮೀನು ಮಾರಿದ್ದು, ಆಮೇಲೆ ತಪ್ಪು ರೀತಿಯಲ್ಲಿ ಸರ್ವಿಸ್ ಮಾಡಿ ಮೀನುಗಳ ಸಾವಿಗೆ ಕಾರಣವಾದದ್ದು.

ಮಾನ್ಯರೇ,

ಜೂನ್ ಮೊದಲ ವಾರ ನಿಮ್ಮ ಅಂಗಡಿಯಲ್ಲಿ ಒಂದೂವರೆ ಅಡಿ ಉದ್ದದ ಗಾಜಿನ ಟ್ಯಾಂಕು, ಫಿಲ್ಟರು, ಲೈಟು, ಕಲ್ಲು, ಒಂದೆರಡು ಗಿಡ ಎಲ್ಲ ಸೇರಿ 3,200 ರೂಪಾಯಿಗೆ ಕೊಂಡೆ. ಜೊತೆಗೆ 240 ರೂಪಾಯಿಗೆ ಆರು ಗೋಲ್ಡ್‌ಫಿಶ್. ನಿಮ್ಮ ಹುಡುಗನೇ ಮನೆಗೆ ಬಂದು ಟ್ಯಾಂಕು ಕೂರಿಸಿ, ನಲ್ಲಿ ನೀರು ತುಂಬಿಸಿ, ಕ್ಲೋರಿನ್ ತೆಗೆಯುವ ಹನಿ ಹಾಕಿ, ಅರ್ಧ ಗಂಟೆ ಕಾದು, ಮೀನು ಬಿಟ್ಟು ಹೋದ. ಆ ಆರರಲ್ಲಿ ನಾಲ್ಕು ಸತ್ತಿವೆ. ಅಂಗಡಿಗೆ ಬಂದು ಹೇಳಿದರೆ, "ನಿಮ್ಮ ಮನೆ ನೀರು ಸರಿಯಿಲ್ಲ, ಊಟ ಜಾಸ್ತಿ ಹಾಕಿದ್ದೀರಿ" ಎಂದು ನನ್ನ ಮೇಲೆಯೇ ಹೊರಿಸಿ ಕಳಿಸಿದಿರಿ. ಮಾತಿನಲ್ಲಿ ಮುಗಿಯದ ಕಾರಣ ಬರೆದು ಕೊಡುತ್ತಿದ್ದೇನೆ.

ಹಣ ಕೊಡುವ ಮೊದಲು ನಾನು ನಿಮ್ಮನ್ನೇ ಕೇಳಿದ್ದೆ: ಟ್ಯಾಂಕನ್ನು ಇವತ್ತು ಒಯ್ಯುತ್ತೇನೆ, ಮೀನಿಗೆ ಇನ್ನೊಂದು ದಿನ ಬರಲಾ? ಮನೆಯಲ್ಲಿ ಮಗಳಿಗೆ ಎಷ್ಟೇ ಆತುರವಿದ್ದರೂ ಕಾಯುವುದಕ್ಕೆ ನಾನು ತಯಾರಿದ್ದೆ. ನೀವು ಕೌಂಟರಿನಲ್ಲೇ ಕೂತು, "ಏನೂ ಬೇಡ ಮೇಡಂ, ಹನಿ ಹಾಕಿದರೆ ನೀರು ರೆಡಿ, ಇವತ್ತೇ ಬಿಟ್ಕೊಳ್ಳಿ" ಅಂದಿರಿ. ನನ್ನ ದೂರು ಮುಖ್ಯವಾಗಿ ಈ ಉತ್ತರದ ಬಗ್ಗೆ.

ಆ ಹನಿ ತೆಗೆಯುವುದು ಕ್ಲೋರಿನ್ನನ್ನು ಮಾತ್ರ. ನಗರಸಭೆ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಮೀನಿನ ಕಿವಿರು ಸುಡುತ್ತದೆ, ಆದ್ದರಿಂದ ಹನಿ ಹಾಕಿದ್ದು ಸರಿಯೇ. ಆದರೆ ಟ್ಯಾಂಕಿಗೆ ಮೀನು ಬಿಟ್ಟ ಕ್ಷಣದಿಂದ ನೀರಿಗೆ ಅಮೋನಿಯಾ ಎಂಬ ವಿಷ ಸೇರಲು ಶುರುವಾಗುತ್ತದೆ. ಮೀನಿನ ಹಿಕ್ಕೆ ಮತ್ತು ಮಿಕ್ಕ ಆಹಾರ ಕೊಳೆತು ಬರುವುದು ಒಂದು ಕಡೆಯಾದರೆ, ಮೀನು ಏನನ್ನೂ ತಿನ್ನದೆ ಇದ್ದರೂ ಕಿವಿರಿನ ಮೂಲಕ ಅಮೋನಿಯಾ ಬಿಡುತ್ತಲೇ ಇರುತ್ತದೆ. ಹಳೇ ಟ್ಯಾಂಕಿನಲ್ಲಿ ಫಿಲ್ಟರಿನ ಸ್ಪಾಂಜಿಗೂ ಕಲ್ಲಿಗೂ ಅಂಟಿ ಬೆಳೆದ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ, ಗಿಡಗಳೂ ಹೀರಿಕೊಳ್ಳುತ್ತವೆ. ನಡುವಿನ ನೈಟ್ರೈಟ್ ಮಾತ್ರ ಅಮೋನಿಯಾದಷ್ಟೇ ಕೆಟ್ಟದ್ದು. ಅದು ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ, ನೀರಿನಲ್ಲಿ ಗಾಳಿ ಎಷ್ಟಿದ್ದರೂ ಮೀನಿಗೆ ಉಸಿರು ಕಟ್ಟುತ್ತದೆ. ಹೊಸ ಸ್ಪಾಂಜಿನಲ್ಲಿ ಈ ಎರಡೂ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಇದಕ್ಕೇ ಟ್ಯಾಂಕು ಸೈಕಲ್ ಮಾಡುವುದು ಅನ್ನುತ್ತಾರೆ. ಈ ವ್ಯಾಪಾರದಲ್ಲಿ ಇಷ್ಟು ವರ್ಷದಿಂದ ಇರುವ ನಿಮಗೆ ಇದು ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ.

ಮೊದಲ ವಾರದಲ್ಲೇ ಮೀನುಗಳು ರೆಕ್ಕೆ ಮುದುರಿಕೊಂಡು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯಲು ಶುರುಮಾಡಿದವು. ಒಂದರ ಕಿವಿರಿನ ಅಂಚು ಕೆಂಪಗೆ ಊದಿಕೊಂಡಿತ್ತು. ನಿಮಗೆ ಫೋನ್ ಮಾಡಿದೆ, ನೀವು ಹುಡುಗನನ್ನು ಕಳಿಸಿದಿರಿ. ಅವನು ಟ್ಯಾಂಕಿನ ನೀರು ಪೂರಾ ಚೆಲ್ಲಿದ. ಸ್ಪಾಂಜನ್ನು ಹಿತ್ತಲಿನ ನಲ್ಲಿಯ ಕೆಳಗೆ ಹಿಡಿದು, ಹಿಂಡಿ, ಮತ್ತೆ ಹಿಡಿದು, ಅದರಿಂದ ಬರುತ್ತಿದ್ದ ಕಂದು ನೀರು ತಿಳಿಯಾಗುವವರೆಗೂ ತೊಳೆದ. ಕಲ್ಲುಗಳನ್ನು ಬಕೆಟ್ಟಿಗೆ ಹಾಕಿ ಅಕ್ಕಿ ತೊಳೆದ ಹಾಗೆ ತೊಳೆದ. ಅಷ್ಟು ದಿನದಲ್ಲಿ ಅಷ್ಟಿಷ್ಟು ಬ್ಯಾಕ್ಟೀರಿಯಾ ಕೂತಿದ್ದರೆ ಅದು ಇದ್ದದ್ದೇ ಆ ಸ್ಪಾಂಜಿನಲ್ಲಿ ಮತ್ತು ಆ ಕಲ್ಲುಗಳಲ್ಲಿ, ಕ್ಲೋರಿನ್ ನೀರಿನಲ್ಲಿ ಅದನ್ನೂ ಕಳೆದ. ಸ್ಪಾಂಜು ಕೊಳೆಯಾಗಿದ್ದರೆ ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಎರಡು ಸಲ ಹಿಂಡಿದ್ದರೆ ಸಾಕಿತ್ತು. ನೀರನ್ನೂ ಕಾಲು ಭಾಗದಿಂದ ಅರ್ಧದವರೆಗೆ ಬದಲಿಸಿದ್ದರೆ ಮೀನಿಗೆ ಅಷ್ಟು ಆಘಾತವಾಗುತ್ತಿರಲಿಲ್ಲ.

ಹೋಗುವಾಗ "ಫಂಗಸ್ ಬಂದಿದೆ" ಎಂದು ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿಯನ್ನು ಟ್ಯಾಂಕಿಗೇ ಸುರಿದ. ಅದಕ್ಕೆ 120 ರೂಪಾಯಿ, ಬಂದುಹೋದ ಚಾರ್ಜು 300 ರೂಪಾಯಿ. ಮೀನಿನ ಮೈಮೇಲೆ ಫಂಗಸ್ ಬಂದರೆ ಕಾಣುವ ಬಿಳಿ ಹತ್ತಿಯಂಥದ್ದು ಏನೂ ಇರಲಿಲ್ಲ, ಫೋಟೋ ಲಗತ್ತಿಸಿದ್ದೇನೆ. ಮೆಥಿಲೀನ್ ಬ್ಲೂ ಕೊಡಬೇಕಾದ ಸಂದರ್ಭ ಬಂದರೂ ಮೀನನ್ನು ಬೇರೆ ಪಾತ್ರೆಗೆ ತೆಗೆದು ಕೊಡಬೇಕು. ಫಿಲ್ಟರು ಓಡುತ್ತಿರುವ ಟ್ಯಾಂಕಿಗೆ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಹಾನಿ, ಗಿಡಕ್ಕೂ ಹಾನಿ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ನೆನೆದುಕೊಂಡು ಬಂದು, ಹೇಳಿಕೊಟ್ಟಷ್ಟನ್ನು ಶ್ರದ್ಧೆಯಿಂದ ಮಾಡಿ ಹೋದ. ಹೇಳಿಕೊಡಬೇಕಾದವರು ನೀವು.

ಇನ್ನು ನೀರಿನ ವಿಚಾರ. ನಮ್ಮ ಮನೆಗೆ ಬರುವುದು ನಗರಸಭೆಯ ನೀರು, ಬೋರ್‌ವೆಲ್ ಇಲ್ಲ. ಊರಿಗೆ ಹಿರೇಕೊಳಲೆ ಕೆರೆಯಿಂದ, ಯಗಚಿಯಿಂದ ಬರುವ ನೀರೇ ನಿಮ್ಮ ಅಂಗಡಿಗೂ ಬರುತ್ತದೆ, ಅದನ್ನು ನಿಮ್ಮ ಹುಡುಗನೇ ಹೇಳಿದ್ದಾನೆ. ಅದೇ ನೀರಿನಲ್ಲಿ ನಿಮ್ಮ ಅಂಗಡಿಯ ಮೀನುಗಳು ಚೆನ್ನಾಗಿ ಓಡಾಡಿಕೊಂಡಿವೆ, ಯಾಕೆಂದರೆ ಅಲ್ಲಿರುವುದು ಮಾಗಿದ ಫಿಲ್ಟರುಗಳು. ಸಂದೇಹ ಉಳಿಯಬಾರದೆಂದು ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತರಿಸಿ ಪರೀಕ್ಷೆ ಮಾಡಿದೆ. ನಲ್ಲಿ ನೀರು ತುಂಬಿದ ಗಾಜಿನ ಕೊಳವೆ ಹಳದಿಯಾಗಿಯೇ ಉಳಿಯಿತು, ಅಂದರೆ ಅಮೋನಿಯಾ ಸೊನ್ನೆ. ಪಕ್ಕದಲ್ಲೇ ಇಟ್ಟ ಟ್ಯಾಂಕಿನ ನೀರಿನ ಕೊಳವೆ ಐದು ನಿಮಿಷದೊಳಗೆ ಕಡುಹಸಿರಾಯಿತು. ಕಿಟ್ಟಿನ ಬಣ್ಣದ ಪಟ್ಟಿಯಲ್ಲಿ ಅದು 4 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ ನಾಲ್ಕು ಭಾಗ) ಹೊಂದುತ್ತದೆ. ಮೀನಿರುವ ಟ್ಯಾಂಕಿನಲ್ಲಿ ಅದು ಸೊನ್ನೆ ಇರಬೇಕು. ಎರಡೂ ಕೊಳವೆ ಒಟ್ಟಿಗಿರುವ ಫೋಟೋ ಜೊತೆಗಿದೆ. ಊಟದ ಮಾತಿಗೆ ಬಂದರೆ, ನಿಮ್ಮ ಹುಡುಗ ಬೆರಳತುದಿಯಲ್ಲಿ ಎಷ್ಟು ಹಿಡಿದು ತೋರಿಸಿದನೋ ಅದಕ್ಕಿಂತ ಕಡಿಮೆಯೇ ಹಾಕಿದ್ದೇವೆ.

ಆ ಟ್ಯಾಂಕಿಗೆ ಗೋಲ್ಡ್‌ಫಿಶ್ ಕೊಟ್ಟದ್ದೇ ಸರಿಯಲ್ಲ ಎಂಬುದನ್ನೂ ಹೇಳಬೇಕು. ಕಲ್ಲು ಹಾಕಿದ ಮೇಲೆ ಅದರಲ್ಲಿ ಹಿಡಿಸುವ ನೀರು ಸುಮಾರು 30 ಲೀಟರು. ನಿಮ್ಮಲ್ಲಿ ಬೆರಳುದ್ದ ಇರುವ ಮೀನು ಸರಿಯಾಗಿ ಸಾಕಿದರೆ ಗೇಣುದ್ದ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ, ಬೇರೆ ಸಣ್ಣ ಮೀನುಗಳಿಗಿಂತ ಹೆಚ್ಚು ಗಲೀಜು ಮಾಡುತ್ತದೆ. ಸೈಕಲ್ ಆದ ಟ್ಯಾಂಕಿನಲ್ಲೂ ಆರನ್ನು ಅಷ್ಟು ನೀರಿನಲ್ಲಿ ಇಡಲಾಗದು. ಆ ಅಳತೆಗೆ ಒಂದು ಬೆಟ್ಟಾ, ಇಲ್ಲವೇ ನಾಲ್ಕೈದು ಗಪ್ಪಿ ಹೊಂದುತ್ತಿತ್ತು, ಜೊತೆಗೊಂದು ಹೀಟರು ಬೇಕಾಗುತ್ತಿತ್ತು. ನಾನು ಗೋಲ್ಡ್‌ಫಿಶ್ಶೇ ಬೇಕು ಎಂದು ಕೇಳಿರಲಿಲ್ಲ. "ಮಕ್ಕಳಿಗೆ ಇದೇ ಒಳ್ಳೇದು, ಗಟ್ಟಿ ಮೀನು" ಎಂದು ಆರಿಸಿ ಕೊಟ್ಟವರು ನೀವು.

ನಿಮ್ಮಿಂದ ನಾನು ಏನನ್ನು ನಿರೀಕ್ಷಿಸಬಹುದಿತ್ತು? "ಟ್ಯಾಂಕು ಒಯ್ಯಿರಿ, ನೀರು ತುಂಬಿ, ಹನಿ ಹಾಕಿ, ಫಿಲ್ಟರನ್ನು ಹಗಲೂ ರಾತ್ರಿ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಖಾಲಿ ಟ್ಯಾಂಕಿಗೇ ಹಾಕುತ್ತಾ ಇರಿ" ಎಂದಿದ್ದರೆ ಆಗುತ್ತಿತ್ತು. ಆ ಆಹಾರ ಕೊಳೆತು ಅಮೋನಿಯಾ ಏರುತ್ತದೆ, ಬ್ಯಾಕ್ಟೀರಿಯಾ ಬೆಳೆದಂತೆ ಇಳಿಯುತ್ತದೆ. ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ನಿಂತು ನೈಟ್ರೇಟ್ ಕಾಣಿಸಿಕೊಂಡಾಗ ಮುಕ್ಕಾಲು ಪಾಲು ನೀರು ಬದಲಿಸಿ, ಒಂದೆರಡರಂತೆ ಮೀನು ಬಿಡುವುದು. ನಮ್ಮ ಊರಿನ ಮಳೆಗಾಲದಲ್ಲಿ ಇದಕ್ಕೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ, ಆ ಬ್ಯಾಕ್ಟೀರಿಯಾ ಚುರುಕಾಗಿ ಬೆಳೆಯುವುದು 25ರಿಂದ 30 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ. ಅದರ ಮೇಲೆ ಗಾಳಿಮಳೆಗೆ ಕರೆಂಟು ಹೋದರೆ ಗಂಟೆಗಟ್ಟಲೆ ಬರುವುದಿಲ್ಲ, ಫಿಲ್ಟರು ನಿಂತರೆ ಸ್ಪಾಂಜಿನೊಳಗೆ ಆಮ್ಲಜನಕ ಸಾಲದೆ ಬ್ಯಾಕ್ಟೀರಿಯಾ ಸೊರಗುತ್ತವೆ. ಚಿಕ್ಕಮಗಳೂರಿನಲ್ಲಿ ಅಂಗಡಿ ಇಟ್ಟವರು ಗ್ರಾಹಕರಿಗೆ ಇದನ್ನು ಹೇಳಲೇಬೇಕು.

ಕಾಯಲು ಪುರುಸೊತ್ತಿಲ್ಲದವರಿಗೂ ನಿಮ್ಮಲ್ಲೇ ದಾರಿ ಇದೆ. ನಿಮ್ಮ ಗೋಡೆಯುದ್ದಕ್ಕೂ ಸಾಲಾಗಿ ಓಡುತ್ತಿರುವ ಟ್ಯಾಂಕುಗಳಲ್ಲಿ ರೋಗವಿಲ್ಲದ ಒಂದರ ಹಳೇ ಸ್ಪಾಂಜಿನ ತುಂಡನ್ನು ಒದ್ದೆಯಾಗಿಯೇ ಕೊಟ್ಟು, ಹೊಸ ಫಿಲ್ಟರಿನೊಳಗೆ ಇಡಲು ಹೇಳಿದ್ದರೆ ಅದು ಹೆಪ್ಪಿನ ಕೆಲಸ ಮಾಡುತ್ತಿತ್ತು, ವಾರಗಳ ಕೆಲಸ ಬೇಗ ಆಗುತ್ತಿತ್ತು. ನಿಮಗೆ ಒಂದು ರೂಪಾಯಿ ಖರ್ಚಿಲ್ಲ. ನನಗೆ ಹೆಚ್ಚು ನೋವಾದದ್ದು ಇದರಿಂದಲೇ: ಆ ಜೀವಗಳನ್ನು ಉಳಿಸುವ ವಸ್ತು ನಿಮ್ಮ ಕೈಗೆಟಕುವಲ್ಲೇ ಇತ್ತು, ಕೊಡಬೇಕು ಅನ್ನಿಸಲಿಲ್ಲ.

ಕೊನೆಯ ಸಲ ಅಂಗಡಿಗೆ ಬಂದಾಗ, ಉಳಿದ ಎರಡನ್ನು ವಾಪಸ್ ತೆಗೆದುಕೊಳ್ಳಿ ಎಂದೆ. "ಬೇಡದಿದ್ದರೆ ಬಸವನಹಳ್ಳಿ ಕೆರೆಗೆ ಬಿಟ್ಟುಬಿಡಿ" ಎಂಬ ಉತ್ತರ ಬಂತು. ದಯವಿಟ್ಟು ಯಾವ ಗ್ರಾಹಕರಿಗೂ ಈ ಮಾತು ಹೇಳಬೇಡಿ. ಸಾಕಿದ ಗೋಲ್ಡ್‌ಫಿಶ್ ಕೆರೆಯಲ್ಲಿ ಬದುಕಿಕೊಂಡರೆ ತಳದ ಕೆಸರು ಕೆದಕಿ ನೀರು ಕದಡುತ್ತದೆ, ಗಿಡ ಕೀಳುತ್ತದೆ, ಅಲ್ಲಿನ ಮೀನುಗಳ ಆಹಾರಕ್ಕೆ ಪೈಪೋಟಿಗಿಳಿಯುತ್ತದೆ, ಅಂಗಡಿಯ ರೋಗವನ್ನೂ ಒಯ್ಯುತ್ತದೆ. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬರುವ ಜನ ನಾವು. ಉಳಿದ ಎರಡನ್ನು ಈಗ ದೊಡ್ಡ ಟಬ್ಬಿಗೆ ಹಾಕಿ, ದಿನಾ ಕಾಲು ಭಾಗ ನೀರು ಬದಲಿಸಿ, ಊಟ ಕಡಿಮೆ ಮಾಡಿ ನೋಡಿಕೊಳ್ಳುತ್ತಿದ್ದೇನೆ.

ನಾನು ಕೇಳುತ್ತಿರುವುದು ಇಷ್ಟು. ಮೀನಿನ 240, ಔಷಧಿಯ 120, ಸರ್ವಿಸಿನ 300, ಒಟ್ಟು 660 ರೂಪಾಯಿ ಹಿಂದಿರುಗಿಸಿ. ಟ್ಯಾಂಕು ಚೆನ್ನಾಗಿದೆ, ಅದನ್ನು ಇಟ್ಟುಕೊಳ್ಳುತ್ತೇನೆ. ಉಳಿದ ಎರಡು ಮೀನುಗಳನ್ನು ನಿಮ್ಮ ದೊಡ್ಡ ಟ್ಯಾಂಕಿಗೆ ತೆಗೆದುಕೊಳ್ಳಿ, ಅದಕ್ಕೆ ನನಗೆ ದುಡ್ಡು ಬೇಡ. ಅಂಗಡಿಯ ಹೆಸರಿಲ್ಲದ ಬಿಳಿ ಚೀಟಿಯ ಬದಲು ಸರಿಯಾದ ಬಿಲ್ಲು ಕೊಡಿ. ಹಣಕ್ಕಿಂತ ಮುಖ್ಯವಾಗಿ, ಹೊಸ ಟ್ಯಾಂಕಿಗೆ ಅದೇ ದಿನ ಮೀನು ಬಿಡಬಾರದು, ಯಾಕೆ ಬಿಡಬಾರದು, ಎಷ್ಟು ವಾರ ಕಾಯಬೇಕು ಎಂಬುದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೌಂಟರಿನ ಮೇಲೆ ಹಾಕಿ. ಟ್ಯಾಂಕು ಕೊಂಡವರಿಗೆಲ್ಲ ಅದರ ಒಂದು ಪ್ರತಿ ಕೊಡಿ. ಬರೆದುಕೊಡಿ ಎಂದರೆ ನಾನೇ ಕೂತು ಬರೆದುಕೊಡುತ್ತೇನೆ. ಸರ್ವಿಸಿಗೆ ಕಳಿಸುವ ಹುಡುಗರಿಗೆ ಸ್ಪಾಂಜು ತೊಳೆಯುವ ಕ್ರಮ ಹೇಳಿಕೊಡಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುವ ಮನೆಗಳು ಎಷ್ಟೋ ಇವೆ, ಅವರಿಗೆ ನಮ್ಮ ಮನೆಯಲ್ಲಿ ಆದದ್ದು ಆಗಬಾರದು.

ನಿಮ್ಮ ಗೋಡೆಯ ಮೇಲೆ "ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ" ಎಂಬ ಬೋರ್ಡಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ಲು ಕೊಡದಿರುವುದೂ, ದೋಷವಿರುವ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೊಳಗೆ ಬರುತ್ತವೆ. ಈ ಪತ್ರ ತಲುಪಿದ 15 ದಿನದೊಳಗೆ ನಿಮ್ಮ ಲಿಖಿತ ಉತ್ತರ ಬರಲಿ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ, ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಅಷ್ಟು ದೂರ ಹೋಗದೆ ನಾವೇ ಕೂತು ಮುಗಿಸಿಕೊಳ್ಳುವುದು ನನಗೂ ಇಷ್ಟ. ನೀವು ಒಪ್ಪುವುದಾದರೆ ಯಾವ ದಿನ ಬರಬೇಕೆಂದು ಫೋನ್ ಮಾಡಿ ತಿಳಿಸಿ, ಮೀನುಗಳನ್ನು ನಾನೇ ತಂದುಕೊಡುತ್ತೇನೆ. ಅಂದು ನಿಮ್ಮ ಹಳೇ ಫಿಲ್ಟರಿನ ಸ್ಪಾಂಜಿನ ಒಂದು ತುಂಡನ್ನೂ ಕೊಡಿ, ಖಾಲಿ ಟ್ಯಾಂಕನ್ನು ಮೊದಲಿನಿಂದ ಸರಿಯಾಗಿ ಶುರುಮಾಡಬೇಕಿದೆ.

ಇತಿ,
ನಿಮ್ಮ ಗ್ರಾಹಕಿ,
ಚಿಕ್ಕಮಗಳೂರು

ಲಗತ್ತು: ಹಣ ಪಾವತಿಯ ಚೀಟಿಯ ಪ್ರತಿ, ಮೀನುಗಳ ಮತ್ತು ನೀರಿನ ಪರೀಕ್ಷೆಯ ಫೋಟೋಗಳು.