ದಮ್ಮು ಬೇಗ ಬರುತ್ತದೆ, ಮೂಳೆಗೆ ತಡ

ಮಾನ್ಯ ಸಂಪಾದಕರೇ,

ಸಹಾಯಾರ್ಥ ಮ್ಯಾರಥಾನ್ ಹತ್ತಿರವಾದಾಗ ಪತ್ರಿಕೆಗಳಲ್ಲಿ ಬರುವ 16 ವಾರಗಳ ತರಬೇತಿ ಪಟ್ಟಿಗಳು ಆರೋಗ್ಯವಂತರನ್ನು ಎದುರಿಗಿಟ್ಟುಕೊಂಡು ಬರೆದಂಥವು. ಆದರೆ ಕಾಯಿಲೆಯಿಂದ ಎದ್ದವರೂ ಅದನ್ನೇ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಆರು ವಾರ ಮಲಗಿದ್ದವರು ಏಳನೇ ವಾರದ ಸಾಲಿನಿಂದಲೇ ಓಟ ಹಿಡಿಯುತ್ತಾರೆ. ದೇಣಿಗೆಯ ಮಾತು ಕೊಟ್ಟಾಗಿದೆ, ದಿನ ಗೊತ್ತಾಗಿದೆ, ಇನ್ನೇನು ಮಾಡುವುದು ಎಂಬುದು ಅವರ ಸಮಜಾಯಿಷಿ.

ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ಓಟ ನಿಲ್ಲಿಸಿದ ಎರಡು ವಾರಗಳಲ್ಲೇ ದಮ್ಮು, ಅಂದರೆ ಬಹಳ ಹೊತ್ತು ಓಡುವ ತಾಕತ್ತು, ಇಳಿಯತೊಡಗುತ್ತದೆ, ಮತ್ತೆ ಶುರುಮಾಡಿದರೆ ಮೊದಲು ಮರಳುವುದೂ ಅದೇ. ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ನಾಲ್ಕೈದು ವಾರ ಕಳೆದು ಉಸಿರಾಟ ಸಲೀಸಾದಾಗ 'ಹಳೆಯ ಲಯ ಸಿಕ್ಕಿತು' ಎಂದು ದೂರವನ್ನೂ ವೇಗವನ್ನೂ ಒಟ್ಟಿಗೇ ಏರಿಸುತ್ತಾರೆ. ಪೆಟ್ಟು ಬೀಳುವುದು ಮೊಣಕಾಲಿನ ಕೆಳಗಿನ ಮೂಳೆಗೆ, ಇಲ್ಲವೇ ಪಾದಕ್ಕೆ. ಬೆರಳಿನಿಂದ ಒತ್ತಿದಾಗ ಒಂದೇ ಬಿಂದುವಿನಲ್ಲಿ ಚುಚ್ಚುವಂತೆ ನೋವಾದರೆ ಅದು ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದಾದ ಲಕ್ಷಣ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಅದು ಕಾಣದೇ ಹೋಗಬಹುದು. 'ಎಕ್ಸ್‌ರೇ ಸರಿಯಾಗಿದೆ' ಎಂದು ಓಡಿದವರೇ ಬಿರುಕನ್ನು ದೊಡ್ಡದು ಮಾಡಿಕೊಳ್ಳುವುದು.

ವೈದ್ಯರು ಒಪ್ಪಿದ ಮೇಲೆ ಮೊದಲು 30 ನಿಮಿಷ ಬಿರುಸಿನ ನಡಿಗೆ. ಆ ದಿನವಷ್ಟೇ ಅಲ್ಲ, ಮರುದಿನವೂ ನೋವು, ಸುಸ್ತು ಇಲ್ಲವಾದರೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸುತ್ತು, ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ಬಿಡುವು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗದಿದ್ದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಒಂದು ವಾರಕ್ಕೆ ಒಂದನ್ನೇ ಏರಿಸಬೇಕು: ಓಟದ ನಿಮಿಷ, ಸುತ್ತು, ಇಲ್ಲವೇ ದಿನ. ನಾಲ್ಕನೇ ವಾರ ಒಟ್ಟು ಓಟವನ್ನು ಮೂರನೇ ಒಂದು ಪಾಲು ಇಳಿಸಬೇಕು. ಹಾಸಿಗೆ ಬಿಟ್ಟೇಳುವ ಮುನ್ನ ನಾಡಿ ಎಣಿಸುವುದು ದುಬಾರಿ ಗಡಿಯಾರಕ್ಕಿಂತ ಉಪಯುಕ್ತ. ಎಂದಿಗಿಂತ 8–10 ಬಡಿತ ಹೆಚ್ಚಿದ್ದರೆ ಅಂದು ಬೂಟು ಕಟ್ಟಬಾರದು.

ಹೀಗೆ ಹಂತ ಹಂತವಾಗಿ ಏರಿಸುವ ಕ್ರಮ ಎಲ್ಲರಿಗೂ ಅಲ್ಲ. ವೈರಾಣು ಸೋಂಕಿನ ನಂತರ ಕೆಲವರಿಗೆ ಓಡಿದ ದಿನ ಚೆನ್ನಾಗಿದ್ದು, ಒಂದೆರಡು ದಿನಗಳ ಮೇಲೆ ಏಳಲಾಗದಷ್ಟು ಬಳಲಿಕೆ ಬರುತ್ತದೆ. ಅವರು ಹಟ ಹಿಡಿದು ಏರಿಸಿದಷ್ಟೂ ಕೆಡುತ್ತದೆ. ಎದೆನೋವು, ಎದೆ ಡವಗುಟ್ಟುವುದು, ತಲೆ ತಿರುಗಿ ಬೀಳುವುದು ಇದ್ದರಂತೂ ಹೃದಯದ ತಪಾಸಣೆಯಾಗದೆ ಓಡಲೇಬಾರದು. ಹೃದಯದ ಸ್ನಾಯು ಊದಿಕೊಂಡಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಕಠಿಣ ವ್ಯಾಯಾಮವನ್ನೇ ಬಿಡಿಸುತ್ತಾರೆ.

ಮಾತ್ರೆಗಳ ವಿಷಯ ತರಬೇತಿ ಪಟ್ಟಿಗಳಲ್ಲಿ ಕಾಣುವುದೇ ಅಪರೂಪ. ಬೀಟಾ ಬ್ಲಾಕರ್ (ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರ ಹೃದಯ ಬಡಿತ ಎಂದಿನಷ್ಟು ಏರುವುದಿಲ್ಲವಾದ್ದರಿಂದ, ಬಡಿತ ನೋಡಿ ಶ್ರಮ ಎಷ್ಟೆಂದು ಗಡಿಯಾರ ತೋರಿಸುವ 'ವಲಯ' ಅವರಿಗೆ ಸುಳ್ಳು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯೋಟಿಕ್‌ಗಳು ಹಿಮ್ಮಡಿಯ ಸ್ನಾಯುರಜ್ಜನ್ನು ಹರಿಯುವಷ್ಟು ದುರ್ಬಲಗೊಳಿಸಬಹುದು, ಮಾತ್ರೆ ಮುಗಿದು ತಿಂಗಳುಗಳಾದ ಮೇಲೂ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಈ ಔಷಧಿಗಳ ಮೇಲೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಮುದ್ರಿಸಲು ಹೇಳಿತ್ತು. ಇನ್ನು, ನೋವು ಮರೆಸಲು ಐಬುಪ್ರೊಫೆನ್ ನುಂಗಿ ದೂರ ಓಡುವುದು ಮೂತ್ರಪಿಂಡಕ್ಕೆ ಕೇಡು. ಅದರ ಜೊತೆ ಬಾಯಾರಿಕೆಯಿಲ್ಲದೆಯೂ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.

ದೇಣಿಗೆ ಕೊಟ್ಟವರು ಯಾರೂ ಮ್ಯಾರಥಾನ್‌ನ 42.195 ಕಿಲೋಮೀಟರನ್ನು ಅಳೆದು ಹಣ ಕೊಟ್ಟಿರುವುದಿಲ್ಲ. 10 ಕಿಲೋಮೀಟರಿಗೆ ಇಳಿಸಿಕೊಂಡೆ, ಮುಂದಿನ ವರ್ಷಕ್ಕೆ ಹಾಕಿಸಿಕೊಂಡೆ ಎಂದರೆ ಹಣ ವಾಪಸ್ ಕೇಳುವವರು ಎಷ್ಟು ಜನ? ಸಂಘಟಕರು ಓಟಕ್ಕೆ ಎರಡು ವಾರ ಮುಂಚಿನವರೆಗಾದರೂ, ಹೆಚ್ಚುವರಿ ಶುಲ್ಕವಿಲ್ಲದೆ, ದೂರ ಬದಲಿಸಲು ಅವಕಾಶ ಕೊಡಬೇಕು. ಎದೆಗೆ ಕಟ್ಟುವ ಸಂಖ್ಯಾಪಟ್ಟಿಯ ಹಿಂದೆ ಕಾಯಿಲೆ, ಮಾತ್ರೆ, ಅಲರ್ಜಿ, ಮನೆಯವರ ಫೋನ್ ನಂಬರ್ ಬರೆಯಲು ಜಾಗವೂ ಇರಲಿ.

ತಮ್ಮಲ್ಲಿ ಕೋರಿಕೆಯೂ ಸಣ್ಣದೇ. ಮುಂದಿನ ಪಟ್ಟಿ ಅಚ್ಚಾಗುವಾಗ ಮೊದಲ ವಾರದ ಮೇಲ್ಗಡೆ 'ಈಗಾಗಲೇ 30 ನಿಮಿಷ ನಿಲ್ಲದೆ ಓಡಿ, ಮರುದಿನವೂ ಆರಾಮವಾಗಿರುವವರಿಗೆ ಮಾತ್ರ' ಎಂಬ ಒಂದು ಸಾಲು ಸೇರಿಸಿ.

ಇತಿ,
ದೂರದ ಓಟದ ತರಬೇತುದಾರ