ಆತ್ಮಹತ್ಯೆಯ ಸುದ್ದಿಯಲ್ಲಿ ಮನೆಹೆಸರು ಬೇಡ, ಸಹಾಯವಾಣಿ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನ ಸುದ್ದಿಪುಟಗಳಲ್ಲಿ ಆತ್ಮಹತ್ಯೆಯ ವರದಿಗಳು ಪ್ರಕಟವಾಗುತ್ತಿರುವ ರೀತಿ ಬದಲಾಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಮೃತರ ಹೆಸರು, ಮನೆಹೆಸರು, ಊರು, ಭಾವಚಿತ್ರ, ಸಾವು ಸಂಭವಿಸಿದ ಬಗೆ ಎಲ್ಲವೂ ನಾಲ್ಕಾರು ಸಾಲುಗಳಲ್ಲಿ ಬಂದುಬಿಡುತ್ತವೆ. ಕಾರಣ ಮಾತ್ರ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ಬಹಳ ಕಾಲ ಚಿಕಿತ್ಸೆಯಿಲ್ಲದೆ ಉಳಿದ ಖಿನ್ನತೆ, ಕುಡಿತ, ತೋಟದ ಸಾಲ, ಒಂಟಿತನ ಒಂದರೊಡನೊಂದು ಹೆಣೆದುಕೊಂಡಿರುವ ಸಂಕಟವನ್ನು ಆ ಮಾತು ಮುಚ್ಚಿಹಾಕುತ್ತದೆ.

ಮಹಾನಗರದ ಓದುಗರಿಗೆ ಇಂಥ ಸುದ್ದಿಯಲ್ಲಿರುವವರು ಅಪರಿಚಿತರು. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಇಲ್ಲಿ ಮನೆಹೆಸರೊಂದನ್ನು ಅಚ್ಚು ಮಾಡಿದರೆ ಇಡೀ ಒಕ್ಕವನ್ನೇ, ಅಂದರೆ ಆ ಹೆಸರು ಹೊತ್ತ ಮನೆತನವನ್ನೇ, ಗುರುತಿಸಿದಂತಾಗುತ್ತದೆ. ಅದೇ ಒಕ್ಕದಲ್ಲಿ ಮನೋವೈದ್ಯರ ಬಳಿ ಹೋಗಲು ಈಗಷ್ಟೇ ಮನಸ್ಸು ಮಾಡಿದ ಇನ್ನೊಬ್ಬರು ಇದ್ದರೆ, ಊರಿನವರ ಮಾತಿಗೆ ಹೆದರಿ ಅವರು ಹಿಂಜರಿಯುವುದು ಸಹಜ. ತೋಟದ ಲೈನ್‌ಮನೆಗಳ ಕಾರ್ಮಿಕರ ಕುಟುಂಬಗಳಿಗಂತೂ, ಪ್ರಕಟವಾದ ಚಿತ್ರವನ್ನು ಪ್ರಶ್ನಿಸಬಹುದೆಂಬ ಧೈರ್ಯವೂ ಇರುವುದಿಲ್ಲ.

ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಆತ್ಮಹತ್ಯೆಯ ಸುದ್ದಿಗೆ ಪ್ರಾಮುಖ್ಯ ಕೊಡಬಾರದು, ವಿಧಾನವನ್ನು ವಿವರಿಸಬಾರದು, ಸ್ಥಳದ ವಿವರ ನೀಡಬಾರದು, ಚಿತ್ರಗಳನ್ನು ಬಳಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯು 2019ರ ಸೆಪ್ಟೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 24ನೇ ಸೆಕ್ಷನ್, ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ನೀಡುವುದನ್ನು ನಿಷೇಧಿಸುತ್ತದೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಸುರಂಗ ರೈಲಿನಡಿ ಸಾವುಗಳು ಹೆಚ್ಚಿದಾಗ, 1987ರಲ್ಲಿ ಪತ್ರಿಕೆಗಳು ವೈಭವೀಕರಿಸಿದ ವರದಿಗಳನ್ನು ನಿಲ್ಲಿಸಿದವು. ಆ ಬಳಿಕ ಅಂಥ ಸಾವುಗಳು ಗಣನೀಯವಾಗಿ ಇಳಿದವು. ವರದಿಗಾರರ ಸಂಯಮದಿಂದ ಜೀವ ಉಳಿಯುತ್ತದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆಂದು ನನಗನಿಸುವುದಿಲ್ಲ.

ಅಪರಾಧ ವರದಿಗಳಲ್ಲೂ ಇದೇ ಅವಸರ ಕಾಣುತ್ತದೆ. ವೈದ್ಯರು ಪರೀಕ್ಷಿಸುವ ಮೊದಲೇ ಆರೋಪಿಯನ್ನು ‘ಮಾನಸಿಕ ಅಸ್ವಸ್ಥ’ ಎಂದು ತಲೆಬರಹದಲ್ಲಿ ಬರೆದರೆ, ಮಾತ್ರೆ ನುಂಗಿ ತಮ್ಮ ಪಾಡಿಗೆ ಕಾಫಿ ಕೊಯ್ಯುತ್ತಿರುವ, ಶಾಲೆಯಲ್ಲಿ ಪಾಠ ಮಾಡುತ್ತಿರುವ ಎಷ್ಟೋ ಮಂದಿಯನ್ನು ನೆರೆಹೊರೆಯವರು ಅನುಮಾನದಿಂದ ನೋಡತೊಡಗುತ್ತಾರೆ.

ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ಸಮಸ್ಯೆಗಳಿದ್ದವು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮಡಿಕೇರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯರು ಸಿಗುತ್ತಾರೆ, 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು ಎಂಬುದು ನಾಪೋಕ್ಲು, ಶ್ರೀಮಂಗಲದ ಒಳಗಿನ ಊರುಗಳಿಗೆ ತಲುಪಬೇಕಾದರೆ ಪತ್ರಿಕೆಗಿಂತ ಸುಲಭದ ದಾರಿ ಇಲ್ಲ.

ಆದುದರಿಂದ ಇಂಥ ವರದಿಗಳಲ್ಲಿ ಮನೆಹೆಸರು, ಭಾವಚಿತ್ರ, ವಿಧಾನಗಳನ್ನು ಕೈಬಿಟ್ಟು, ಪ್ರತಿಯೊಂದರ ಕೆಳಗೂ 14416 ಸಂಖ್ಯೆಯನ್ನು ತಪ್ಪದೆ ಮುದ್ರಿಸಬೇಕೆಂದು ವಿನಂತಿಸುತ್ತೇನೆ. ಚಿಕಿತ್ಸೆ ಪಡೆದು ಗುಣಮುಖರಾದವರಲ್ಲಿ ತಾವಾಗಿಯೇ ಮಾತನಾಡಲು ಒಪ್ಪುವವರ ಅನುಭವಗಳಿಗೂ ಜಿಲ್ಲಾ ಪುಟದಲ್ಲಿ ಸ್ಥಳ ಕೊಡಿ.

ನಿವೃತ್ತ ಶಿಕ್ಷಕಿ,
ವಿರಾಜಪೇಟೆ